ಪರದೆಯ ಹಿಂದಿನ ಪಾಠ: ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಾಲೇಜು ರಂಗಭೂಮಿಯಲ್ಲಿ ನೇಪಥ್ಯ ತರಬೇತಿ

ಕಾಲೇಜು ನಾಟಕ ತಂಡದಲ್ಲಿ ನೇಪಥ್ಯ ತರಬೇತಿ ಎಂದರೆ ರಂಗಸಜ್ಜಿಕೆ, ರಂಗಪರಿಕರ, ಬೆಳಕು, ಧ್ವನಿ, ಪ್ರಸಾಧನ, ವಸ್ತ್ರಾಲಂಕಾರ ಮತ್ತು ರಂಗ ನಿರ್ವಹಣೆ ಎಂಬ ಏಳು ಕೆಲಸಗಳನ್ನು ವಿದ್ಯಾರ್ಥಿಗಳು ಕೈಯಾರೆ ಮಾಡಿ ಕಲಿಯುವುದು. ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳಲ್ಲಿ ಕಾಲೇಜು ಶಿಕ್ಷಣ ನೆಲೆಯೂರಿ ಅರ್ಧ ಶತಮಾನ ಕಳೆದಿದೆ. ಮೂಡುಬಿದಿರೆಯ ಶ್ರೀ ಮಹಾವೀರ ಕಾಲೇಜು 1965ರಲ್ಲಿ, ಉಜಿರೆಯ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಕಾಲೇಜು 1966ರಲ್ಲಿ, ಬಂಟ್ವಾಳದ ಶ್ರೀ ವೆಂಕಟರಮಣ ಸ್ವಾಮಿ ಕಾಲೇಜು 1968ರಲ್ಲಿ ಆರಂಭವಾದವು. ವಾರ್ಷಿಕೋತ್ಸವದ ನಾಟಕ, ಅಂತರ ಕಾಲೇಜು ಸ್ಪರ್ಧೆಯ ಏಕಾಂಕ, ಪ್ರಹಸನ, ಮೂಕಾಭಿನಯ ಇಲ್ಲಿನ ಕಾಲೇಜು ಬದುಕಿನ ಭಾಗವೇ ಆಗಿವೆ. ಈ ನೆಲದಿಂದ ಒಳ್ಳೆಯ ನಟರು ಬಂದಿದ್ದಾರೆ, ಬರುತ್ತಲೂ ಇದ್ದಾರೆ. ಪರದೆಯ ಹಿಂದೆ ನಿಂತು ನಾಟಕವನ್ನು ನಡೆಸಬಲ್ಲ ಹುಡುಗ ಹುಡುಗಿಯರನ್ನು ಈ ಕಾಲೇಜು ರಂಗಭೂಮಿ ಎಷ್ಟರ ಮಟ್ಟಿಗೆ ತಯಾರು ಮಾಡುತ್ತಿದೆ ಎಂಬುದೇ ಇಲ್ಲಿಯ ವಿಚಾರ.

ಇಂಥ ತರಬೇತಿಯನ್ನು ಅಳೆಯಲು ಮೂರು ಪ್ರಶ್ನೆ ಸಾಕು. ಪ್ರದರ್ಶನದ ದಿನ ಬೆಳಕನ್ನು ಏರಿಸಿ ಇಳಿಸುವ ಡಿಮ್ಮರಿನ ಮೇಲೆ ಯಾರ ಕೈ ಇರುತ್ತದೆ? ನೇಪಥ್ಯದ ಹೊಣೆ ಹೊತ್ತ ವಿದ್ಯಾರ್ಥಿ ತಂಡಕ್ಕೆ ಸೇರುವುದು ತಾಲೀಮಿನ ಮೊದಲ ದಿನವೋ, ಕೊನೆಯ ದಿನವೋ? ಆ ವಿದ್ಯಾರ್ಥಿ ಕಾಲೇಜು ಬಿಟ್ಟು ಹೋಗುವಾಗ ಅವನ ಅಥವಾ ಅವಳ ಕೆಲಸ ತಿಳಿದ ಇನ್ನೊಬ್ಬರು ತಂಡದಲ್ಲಿ ಉಳಿದಿರುತ್ತಾರೆಯೋ? ಈ ಮೂರಕ್ಕೂ ತೃಪ್ತಿಕರ ಉತ್ತರ ಸಿಗುವ ಕಡೆ ತರಬೇತಿ ಇದೆ ಎನ್ನಬಹುದು. ಸಿಗದ ಕಡೆ ಇರುವುದು ನಾಟಕ ಮಾತ್ರ.

ಬಾಡಿಗೆಯ ಪದ್ಧತಿ

ಕರಾವಳಿಯ ಬಹುಪಾಲು ಕಾಲೇಜು ನಾಟಕಗಳ ನೇಪಥ್ಯ ಬಾಡಿಗೆಯ ಮೇಲೆ ನಡೆಯುತ್ತದೆ. ನಿರ್ದೇಶಕರು ಹೊರಗಿನಿಂದ ಬರುತ್ತಾರೆ, ಮೂರು ನಾಲ್ಕು ವಾರ ತಾಲೀಮು ನಡೆಸುತ್ತಾರೆ. ಪ್ರದರ್ಶನದ ದಿನ ಲೈಟಿನವರು, ಮೈಕಿನವರು, ಮೇಕಪ್ಪಿನವರು, ಡ್ರೆಸ್ಸಿನವರು ತಮ್ಮ ತಮ್ಮ ವಾಹನದಲ್ಲಿ ಬಂದಿಳಿಯುತ್ತಾರೆ. ನಾಟಕ ಮುಗಿದ ಮೇಲೆ ಅದೇ ವಾಹನದಲ್ಲಿ ಸಾಮಾನು ತುಂಬಿಕೊಂಡು ಹೋಗುತ್ತಾರೆ. ವಿದ್ಯಾರ್ಥಿಗಳ ಪಾಲಿಗೆ ಉಳಿಯುವುದು ಕುರ್ಚಿ ಹೊರುವುದು, ಪರದೆಯ ಹಗ್ಗ ಎಳೆಯುವುದು, ಚಹಾ ತಂದುಕೊಡುವುದು. ಬಾಡಿಗೆಗೆ ಬರುವವರಲ್ಲಿ ಬಹಳ ಮಂದಿ ನುರಿತ ಕೆಲಸಗಾರರು. ಅವರ ಕೈಚಳಕದಿಂದಲೇ ಎಷ್ಟೋ ಕಾಲೇಜು ನಾಟಕಗಳು ದಡ ಸೇರಿವೆ. ತೊಂದರೆ ಇರುವುದು ಪದ್ಧತಿಯಲ್ಲಿ. ನಾಟಕವನ್ನು ಪ್ರದರ್ಶನದ ಸಂಜೆಯೇ ಮೊದಲ ಬಾರಿ ನೋಡುವ ಬೆಳಕಿನವರು ದೃಶ್ಯದ ಲಯ ಹಿಡಿಯುವುದು ಕಷ್ಟ. ಕೆಂಪು, ನೀಲಿ, ಮತ್ತೆ ಬೆಳ್ಳಂಬೆಳಕು ಎಂಬ ಮೂರು ನಿರ್ಧಾರಗಳಲ್ಲಿ ಬೆಳಕಿನ ವಿನ್ಯಾಸ ಮುಗಿದುಹೋಗುತ್ತದೆ.

ಈ ಪದ್ಧತಿ ಬೆಳೆದದ್ದಕ್ಕೆ ಕಾರಣಗಳಿವೆ. ನಮ್ಮ ಕಾಲೇಜು ಸಭಾಂಗಣಗಳಲ್ಲಿ ಬಹುತೇಕ ಎಲ್ಲವೂ ಭಾಷಣಕ್ಕಾಗಿ ಕಟ್ಟಿದವು. ದೀಪ ತೂಗಹಾಕಲು ಕಂಬಿ ಇರುವುದಿಲ್ಲ, ಪಕ್ಕದಲ್ಲಿ ಸೈಡ್‌ವಿಂಗಿಗೆ ಜಾಗ ಇರುವುದಿಲ್ಲ, ಹಿಂದಿನ ಗೋಡೆಗೆ ಸಂಸ್ಥೆಯ ಹೆಸರು ಬರೆದಿರುತ್ತದೆ. ಸ್ವಂತ ಉಪಕರಣ ಕೊಳ್ಳಲು ಹಣ ಬೇಕು, ಇಡಲು ಜಾಗ ಬೇಕು. ಕರಾವಳಿಯ ಮಳೆಗಾಲದಲ್ಲಿ ಬಟ್ಟೆಗೆ ಬೂಸಲು, ಕಬ್ಬಿಣಕ್ಕೆ ತುಕ್ಕು ತಪ್ಪಿದ್ದಲ್ಲ. ಇಷ್ಟೆಲ್ಲ ಇದ್ದರೂ ಕಲಿಕೆಯನ್ನೇ ಬಾಡಿಗೆಗೆ ಬಿಡುವುದು ಶಿಕ್ಷಣ ಸಂಸ್ಥೆಗೆ ಒಪ್ಪುವ ಮಾತಲ್ಲ. ಉಪಕರಣ ಬಾಡಿಗೆಯದ್ದಾಗಿರಲಿ, ಅದನ್ನು ನಡೆಸುವ ಕೈ ವಿದ್ಯಾರ್ಥಿಯದ್ದಾಗಿರಬೇಕು.

ಮೂರು ತಾಲೂಕು, ಮೂರು ಸ್ಥಿತಿ

ಮೂಡುಬಿದಿರೆಯಲ್ಲಿ ಡಾ. ಎಂ. ಮೋಹನ ಆಳ್ವರು ಕಟ್ಟಿದ ಆಳ್ವಾಸ್ ಶಿಕ್ಷಣ ಪ್ರತಿಷ್ಠಾನ ರಂಗಭೂಮಿಗೆ ಸ್ಥಿರವಾದ ಆಸರೆ ಕೊಟ್ಟಿದೆ. ಇಲ್ಲಿನ ರಂಗ ಅಧ್ಯಯನ ಕೇಂದ್ರದ ವಿದ್ಯಾರ್ಥಿಗಳು ಜೀವನ್‌ರಾಂ ಸುಳ್ಯ ಅವರ ನಿರ್ದೇಶನದಲ್ಲಿ ಚಂದ್ರಶೇಖರ ಕಂಬಾರರ ‘ಮಹಾಮಾಯಿ’ಯಂಥ ನಾಟಕಗಳನ್ನು ಆಡಿದ್ದಾರೆ. ಈ ಮಾದರಿಯ ದೊಡ್ಡ ಗುಣ ನಿರಂತರತೆ. ನಿರ್ದೇಶಕರು ಬಂದು ಹೋಗುವವರಲ್ಲ, ತಂಡ ವರ್ಷದಿಂದ ವರ್ಷಕ್ಕೆ ಮುಂದುವರಿಯುತ್ತದೆ, ಒಂದೇ ನಾಟಕ ಬೇರೆ ಬೇರೆ ಊರಿನ ವೇದಿಕೆ ಏರುತ್ತದೆ. ಒಂದು ಊರಿನಲ್ಲಿ ಎತ್ತರದ ಸಭಾಂಗಣ, ಮತ್ತೊಂದರಲ್ಲಿ ಶಾಲಾ ಮೈದಾನ, ಮಗದೊಂದರಲ್ಲಿ ದೇವಸ್ಥಾನದ ಅಂಗಳ. ಅದೇ ಸಜ್ಜಿಕೆಯನ್ನು ಪ್ರತಿ ಜಾಗದ ಅಳತೆಗೆ ಹೊಂದಿಸಿ ನಿಲ್ಲಿಸುವಾಗ ವಿದ್ಯಾರ್ಥಿ ಕಲಿಯುವುದನ್ನು ಯಾವ ಉಪನ್ಯಾಸವೂ ಕಲಿಸಲಾರದು. 2004ರಲ್ಲಿ ಆರಂಭವಾದ ನುಡಿಸಿರಿ ಸಮ್ಮೇಳನ, ಸಂಗೀತ ನೃತ್ಯಗಳ ವಿರಾಸತ್, 2022ರ ಡಿಸೆಂಬರ್ 21ರಿಂದ 27ರವರೆಗೆ ನಡೆದ ಸ್ಕೌಟ್ಸ್ ಮತ್ತು ಗೈಡ್ಸ್ ಸಾಂಸ್ಕೃತಿಕ ಜಾಂಬೂರಿಯಂಥ ಉತ್ಸವಗಳು ಇಲ್ಲಿನ ವಿದ್ಯಾರ್ಥಿಗಳಿಗೆ ಬೃಹತ್ ವೇದಿಕೆಯ ನಿರ್ವಹಣೆಯನ್ನು ಹತ್ತಿರದಿಂದ ತೋರಿಸಿವೆ. ಈ ಮಾದರಿಯ ಮಿತಿಯೂ ಸ್ಪಷ್ಟ. ಪ್ರತಿಭೆ ನೋಡಿ ಆಯ್ದ, ಹಾಸ್ಟೆಲಿನಲ್ಲೇ ಇರುವ ವಿದ್ಯಾರ್ಥಿಗಳಿರುವಲ್ಲಿ ಸಾಧ್ಯವಾಗುವುದು ಸಂಜೆ ಐದರ ಬಸ್ಸಿಗೆ ಓಡಬೇಕಾದ ಹಳ್ಳಿಯ ಹುಡುಗರಿರುವ ಕಾಲೇಜಿನಲ್ಲಿ ಸಾಧ್ಯವಾಗುವುದಿಲ್ಲ. ಆದ್ದರಿಂದ ಇದನ್ನು ಹಾಗೆಯೇ ಎತ್ತಿ ಬೇರೆಡೆ ನೆಡಲು ಬರುವುದಿಲ್ಲ. ನಿರಂತರತೆಯ ತತ್ವವನ್ನು ಮಾತ್ರ ಎಲ್ಲರೂ ಪಡೆಯಬಹುದು.

ಬೆಳ್ತಂಗಡಿ ತಾಲೂಕಿನ ಸಂಪತ್ತು ಬೇರೆ ಬಗೆಯದು. ಧರ್ಮಸ್ಥಳದ ಯಕ್ಷಗಾನ ಮೇಳ ಇಲ್ಲಿದೆ. ಕುರಿಯ ವಿಠಲ ಶಾಸ್ತ್ರಿಗಳಂಥ ಹಿರಿಯರು ಪಾಠ ಹೇಳಿದ ಯಕ್ಷಗಾನ ಶಿಕ್ಷಣದ ಪರಂಪರೆ ಇಲ್ಲಿಯದು. ಧರ್ಮಸ್ಥಳದ ಕಾರ್ತಿಕದ ಲಕ್ಷದೀಪೋತ್ಸವದ ಹೊತ್ತಿಗೆ ದಿನಗಟ್ಟಲೆ ವೇದಿಕೆ ಕಾರ್ಯಕ್ರಮಗಳು ನಡೆಯುತ್ತವೆ. ಉಜಿರೆಯಲ್ಲಿ ಸ್ವಾಯತ್ತ ಕಾಲೇಜೂ ಮಾಧ್ಯಮ ಶಿಕ್ಷಣವೂ ಇವೆ. ಒಂದು ತಾಲೂಕಿನೊಳಗೆ ಪಾರಂಪರಿಕ ರಂಗ, ಉತ್ಸವದ ರಂಗ, ಆಧುನಿಕ ಶಿಕ್ಷಣ ಇಷ್ಟು ಒತ್ತೊತ್ತಾಗಿ ಸಿಗುವುದು ಅಪರೂಪ. ಆದರೆ ಇವನ್ನು ನೇಪಥ್ಯದ ಪಾಠವಾಗಿ ಒಂದಕ್ಕೊಂದು ಹೆಣೆಯುವ ಕೆಲಸ ಆಗಬೇಕಾದಷ್ಟು ಆಗಿಲ್ಲ. ಚೆಂಡೆಯ ಪೆಟ್ಟು, ಹೆಜ್ಜೆ, ಮಾತುಗಾರಿಕೆ ಕಲಿಯಲು ಯಕ್ಷಗಾನದತ್ತ ಹೋಗುವ ವಿದ್ಯಾರ್ಥಿಗಳಿದ್ದಾರೆ. ವೇಷ ಕಟ್ಟುವುದನ್ನು, ಚೌಕಿಯನ್ನು ಅಂದರೆ ಬಣ್ಣದ ಮನೆಯನ್ನು ನಡೆಸುವುದನ್ನು ಕಲಿಯಲೆಂದೇ ಹೋಗುವವರು ವಿರಳ.

ಬಂಟ್ವಾಳಕ್ಕೆ ಹೆಮ್ಮೆಪಡಲು ದೊಡ್ಡ ಹೆಸರೊಂದಿದೆ. ಬಾಬುಕೋಡಿ ವೆಂಕಟರಮಣ ಕಾರಂತರು 1929ರಲ್ಲಿ ಹುಟ್ಟಿದ್ದು ಈ ತಾಲೂಕಿನ ಮಂಚಿಯಲ್ಲಿ. ಹುಡುಗನಾಗಿ ಗುಬ್ಬಿ ವೀರಣ್ಣನವರ ಕಂಪನಿ ಸೇರಿದ ಅವರು ಮುಂದೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಓದಿ, 1977ರಿಂದ 1981ರವರೆಗೆ ಅದರ ನಿರ್ದೇಶಕರಾಗಿದ್ದರು. ಭೋಪಾಲದ ಭಾರತ ಭವನದ ರಂಗಮಂಡಲವನ್ನು ಬೆಳೆಸಿ, 1989ರಲ್ಲಿ ಮೈಸೂರಿನ ರಂಗಾಯಣವನ್ನು ಕಟ್ಟಿದರು. ಕಂಪನಿ ನಾಟಕದ ಪಾಠಶಾಲೆಯಲ್ಲಿ ನಟನೆ ಬೇರೆ, ನೇಪಥ್ಯ ಬೇರೆ ಎಂಬ ಗೋಡೆ ಇರಲಿಲ್ಲ. ಕಾರಂತರ ರಂಗಸಂಗೀತದಲ್ಲಿ ಕಲ್ಲು, ಕರಟ, ಬಿದಿರು, ತಗಡು ಎಲ್ಲವೂ ವಾದ್ಯವಾಗುತ್ತಿದ್ದದ್ದು ಕೈಗೆ ಸಿಕ್ಕ ವಸ್ತುವಿನಲ್ಲಿ ರಂಗವನ್ನು ಕಾಣುವ ಆ ಅಭ್ಯಾಸದ ಮುಂದುವರಿಕೆ. ತಾಲೂಕಿನಲ್ಲಿ ಈಗಲೂ ಕೈಕೆಲಸದವರಿಗೆ ಕೊರತೆಯಿಲ್ಲ. ಬಿ.ಸಿ. ರೋಡ್ ಸುತ್ತಮುತ್ತ ‘ಸಂಸಾರ ಜೋಡುಮಾರ್ಗ’ದಂಥ ಹವ್ಯಾಸಿ ತಂಡಗಳು ಕೆಲಸ ಮಾಡಿವೆ. ಮೆರವಣಿಗೆಗಳಲ್ಲಿ ಕುಣಿಯುವ ಕಲ್ಲಡ್ಕದ ಆಳೆತ್ತರದ ಗೊಂಬೆಗಳು ರಾಜ್ಯದಾಚೆಗೂ ಹೆಸರು ಮಾಡಿವೆ. ಹೊರಲು ಹಗುರ, ದೂರಕ್ಕೆ ಸ್ಪಷ್ಟ, ಒಳಗಿರುವವನಿಗೆ ಉಸಿರಾಡಲು ಜಾಗ ಎಂಬ ಮೂರು ಲೆಕ್ಕವನ್ನೂ ಕೂಡಿಸುವ ಆ ಗೊಂಬೆ ಕೆಲಸ ರಂಗಪರಿಕರ ತಯಾರಿಯ ಅತ್ಯುತ್ತಮ ಪಾಠ. ಬಂಟ್ವಾಳದಲ್ಲಿ ಕಲಿಸಬಲ್ಲವರಿದ್ದಾರೆ. ಅವರನ್ನು ಕಾಲೇಜಿನೊಳಗೆ ಕರೆದು ಕೂರಿಸುವ ಸ್ಥಿರ ವ್ಯವಸ್ಥೆ ಬೇಕಾಗಿದೆ.

ಚೌಕಿ ಎಂಬ ಶಾಲೆ

ಈ ಮೂರೂ ತಾಲೂಕುಗಳಿಗೆ ಸಮಾನವಾದ, ಎಲ್ಲ ಕಾಲೇಜುಗಳಿಗೂ ಕೂಗಳತೆಯಲ್ಲಿರುವ ನೇಪಥ್ಯ ಶಾಲೆ ಎಂದರೆ ಯಕ್ಷಗಾನದ ಚೌಕಿ. ದೀಪಾವಳಿಯ ಬಳಿಕ ಮೇಳಗಳು ತಿರುಗಾಟಕ್ಕೆ ಹೊರಟರೆ ಪತ್ತನಾಜೆಯವರೆಗೆ, ಅಂದರೆ ಮೇ ತಿಂಗಳ ಕೊನೆಯ ವಾರದವರೆಗೆ, ರಾತ್ರಿ ಬೆಳಗಾದರೆ ಹೊಸ ಊರು. ಹಗಲು ರಂಗಸ್ಥಳ ಕಟ್ಟಬೇಕು, ಚೌಕಿ ಹೂಡಬೇಕು, ಪೆಟ್ಟಿಗೆ ಬಿಚ್ಚಬೇಕು. ಆಟ ಮುಗಿದೊಡನೆ ಎಲ್ಲವನ್ನೂ ಬಿಚ್ಚಿ, ತುಂಬಿ, ಲಾರಿಗೇರಿಸಬೇಕು. ಇದರ ಹಿಂದೆ ಇರುವವರನ್ನು ಕರಾವಳಿ ನೇಪಥ್ಯ ಕಲಾವಿದರೆಂದೇ ಕರೆಯುತ್ತದೆ, ಸನ್ಮಾನಿಸುವಾಗಲೂ ಹಾಗೆಂದೇ ಸನ್ಮಾನಿಸುತ್ತದೆ.

ತೆಂಕುತಿಟ್ಟಿನ ಚೌಕಿಯೊಂದರ ಕೆಲಸವನ್ನು ಹತ್ತಿರದಿಂದ ನೋಡಿದರೆ ಅದರ ಶಿಸ್ತು ತಿಳಿಯುತ್ತದೆ. ನಡುವೆ ದೀಪ, ಗಣಪತಿಯ ಪೂಜೆಗೆ ಜಾಗ, ಎರಡೂ ಬದಿಯಲ್ಲಿ ಪೆಟ್ಟಿಗೆಗಳ ಸಾಲು. ಯಾವ ವೇಷಧಾರಿ ಎಲ್ಲಿ ಕೂರಬೇಕೆಂಬುದು ನಿಗದಿ. ಕಲಾವಿದ ತನ್ನ ಮುಖವರ್ಣಿಕೆಯನ್ನು ತಾನೇ ಬರೆದುಕೊಳ್ಳುತ್ತಾನೆ. ಬಣ್ಣದ ವೇಷವಾದರೆ ಅಕ್ಕಿಹಿಟ್ಟು ಸುಣ್ಣದ ಚುಟ್ಟಿ ಇಡಲು ಗಂಟೆಗಳೇ ಹಿಡಿಯುತ್ತವೆ. ಬಣ್ಣ ಮುಗಿಸಿ ಎದ್ದವನಿಗೆ ವೇಷ ಕಟ್ಟುವುದು ನೇಪಥ್ಯದವರ ಕೆಲಸ. ಕಚ್ಚೆ, ದಗಲೆ, ಎದೆಪದಕ, ಭುಜಕೀರ್ತಿ, ಡಾಬು, ಗೆಜ್ಜೆ, ಕೊನೆಗೆ ಕಿರೀಟ. ಗುಂಡಿಯಿಲ್ಲ, ಜಿಪ್ ಇಲ್ಲ; ಬಹುತೇಕ ಎಲ್ಲವೂ ದಾರದ ಗಂಟಿನ ಮೇಲೆ ನಿಂತಿದೆ. ಗಂಟು ಸಡಿಲವಾದರೆ ಗಿರಕಿ ಹೊಡೆಯುವಾಗ ಕಿರೀಟ ಜಾರುತ್ತದೆ, ಬಿಗಿಯಾದರೆ ಸರಿಯಾಗಿ ಉಸಿರು ಬಿಟ್ಟು ಮಾತಾಡಲಾಗುವುದಿಲ್ಲ. ಕಟ್ಟುವವನಿಗೆ ಆ ಕಲಾವಿದನ ಮೈ ಗೊತ್ತಿರಬೇಕು, ಅಂದಿನ ಪ್ರಸಂಗದಲ್ಲಿ ಅವನಿಗೆ ಎಷ್ಟು ಕುಣಿತವಿದೆಯೆಂಬುದೂ ಗೊತ್ತಿರಬೇಕು. ಹೊರಗಿನ ಭಾಗವತರ ಪದ ಕೇಳಿಯೇ ಮುಂದಿನ ವೇಷಕ್ಕೆ ಎಷ್ಟು ಹೊತ್ತಿದೆಯೆಂದು ಅಂದಾಜಿಸುವವರು ಅವರು.

ಕಾಲೇಜಿನ ನೇಪಥ್ಯ ತರಬೇತಿಗೆ ಬೇಕಾದ ಮುಖ್ಯ ಗುಣಗಳೆಲ್ಲ ಇಲ್ಲಿವೆ: ವಸ್ತುವಿಗೆ ನಿಗದಿಯಾದ ಜಾಗ, ಕೆಲಸಕ್ಕೆ ನಿಗದಿಯಾದ ಕೈ, ಕಿವಿಯಿಂದ ಹಿಡಿಯುವ ಸೂಚನೆ, ಆಟ ಮುಗಿದ ಮೇಲಿನ ಲೆಕ್ಕ. ನಾಟಕ ಕಲಿಯುವ ವಿದ್ಯಾರ್ಥಿಯೊಬ್ಬ ಒಂದು ವಾರ ಚೌಕಿಯಲ್ಲಿ ಸಹಾಯಕನಾಗಿದ್ದು ಬಂದರೆ ವರ್ಷದ ತರಬೇತಿಗೆ ಅದು ಭದ್ರವಾದ ಅಡಿಪಾಯವಾದೀತು. ನಮ್ಮ ಕಾಲೇಜುಗಳ ನೇಪಥ್ಯ ಶಿಕ್ಷಣದ ಅತಿ ದೊಡ್ಡ ಲೋಪವೆಂದರೆ ಕಣ್ಣಮುಂದಿರುವ ಈ ಶಾಲೆಯನ್ನು ಪ್ರೇಕ್ಷಕರಾಗಿ ಮಾತ್ರ ಕಂಡದ್ದು.

ಕೆಲಸ ಕೆಲಸವಾಗಿ

ರಂಗಸಜ್ಜಿಕೆಯಲ್ಲಿ ವಿದ್ಯಾರ್ಥಿ ಮೊದಲು ಕಲಿಯಬೇಕಾದದ್ದು ಅಳತೆ. ವೇದಿಕೆಯ ಉದ್ದ, ಆಳ, ಎತ್ತರ ಅಳೆದು ಕಾಗದದ ಮೇಲೆ ನಕ್ಷೆ ಬರೆಯುವುದು, ಅದನ್ನು ತಾಲೀಮಿನ ಕೋಣೆಯ ನೆಲದಲ್ಲಿ ಸೀಮೆಸುಣ್ಣದಿಂದ ಮೂಡಿಸುವುದು. ಇಷ್ಟು ಮಾಡಿದರೆ ಬಾಗಿಲೆಂದು ಗುರುತಿಸಿದಲ್ಲಿ ನಟ ಗೋಡೆಯೊಳಗೆ ನುಗ್ಗುವ ಪ್ರಸಂಗ ಬರುವುದಿಲ್ಲ. ಸಾಮಗ್ರಿಯ ವಿಷಯದಲ್ಲಿ ಕರಾವಳಿ ಶ್ರೀಮಂತ. ಅಡಿಕೆ ಮರದ ಸಲಾಕೆ, ಬಿದಿರು, ಮಡಲು, ಅಡಿಕೆ ಹಾಳೆ, ಗೋಣಿ ಸುಲಭವಾಗಿ ಸಿಗುತ್ತವೆ. ಹಾಳೆಯನ್ನು ನೆನೆಸಿ, ಕತ್ತರಿಸಿ, ಮುಖವಾಡ ಮಾಡುವ ವಿದ್ಯೆ ಇಲ್ಲಿಯದೇ. ತುಳು ವೃತ್ತಿ ನಾಟಕಗಳ ಪ್ರಭಾವದಿಂದ ಕಾಲೇಜು ತಂಡಗಳಿಗೆ ಬಣ್ಣದ ಸೆಟ್ಟಿಂಗಿನ ಮೋಹ ಹೆಚ್ಚು. ವಿಜಯಕುಮಾರ್ ಕೊಡಿಯಾಲ್‌ಬೈಲ್ ಅವರ ‘ಶಿವದೂತೆ ಗುಳಿಗೆ’ಯಂಥ ನಾಟಕ ರಂಗತಂತ್ರದಿಂದಲೂ ಜನರನ್ನು ಸೆಳೆದದ್ದು ನಿಜ. ಅದರ ಹಿಂದಿರುವುದು ಪ್ರತಿ ಪ್ರದರ್ಶನದಲ್ಲೂ ಅದೇ ಕೆಲಸ ಮಾಡಿ ಪಳಗಿದ ವೃತ್ತಿಪರ ತಂಡ. ಒಂದು ಸಂಜೆಯ ಬಾಡಿಗೆ ಸೆಟ್ಟಿಂಗಿನಲ್ಲಿ ಅದನ್ನು ಅನುಕರಿಸಲು ಹೊರಟ ಕಾಲೇಜು ತಂಡಕ್ಕೆ ಸಿಗುವುದು ಅದ್ದೂರಿತನ ಮಾತ್ರ, ಪಾಠ ಸಿಗದು.

ರಂಗಪರಿಕರದ ಕೆಲಸ ಚಿಕ್ಕದೆಂದು ಕಾಣುತ್ತದೆ, ತಪ್ಪಿದಾಗ ದೊಡ್ಡದಾಗುತ್ತದೆ. ಇದಕ್ಕೆ ಒಳ್ಳೆಯ ಅಭ್ಯಾಸವೊಂದಿದೆ. ಸೈಡ್‌ವಿಂಗಿನ ಮೇಜಿನ ಮೇಲೆ ದೊಡ್ಡ ಕಾಗದ ಹಾಸಿ, ಪ್ರತಿ ವಸ್ತುವನ್ನಿಟ್ಟು ಅದರ ಸುತ್ತ ಗೆರೆ ಎಳೆದು ಹೆಸರು ಬರೆಯುವುದು. ಲಾಟೀನು, ಪತ್ರ, ಕೋಲು, ತಂಬಿಗೆ ತಮ್ಮ ತಮ್ಮ ಗೆರೆಯೊಳಗೆ ಇರುತ್ತವೆ. ಪರದೆ ಏಳುವ ಮೊದಲು ಒಂದು ಗೆರೆ ಖಾಲಿ ಇದ್ದರೆ ಏನು ಕಳೆದಿದೆಯೆಂದು ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಖರ್ಚಿಲ್ಲದ ಈ ಅಭ್ಯಾಸವನ್ನು ಯಾವ ಕಾಲೇಜೂ ನಾಳೆಯೇ ಆರಂಭಿಸಬಹುದು.

ಬೆಳಕಿನಲ್ಲಿ ಕಲೆಗಿಂತ ಮೊದಲು ಬರುವುದು ವಿದ್ಯುತ್ತಿನ ಲೆಕ್ಕ. 230 ವೋಲ್ಟಿನ ಮನೆ ಸಂಪರ್ಕದಲ್ಲಿ 15 ಆಂಪಿಯರಿನ ಒಂದು ಸಾಕೆಟ್ ಹೊರಬಲ್ಲದ್ದು ಗರಿಷ್ಠ 3,450 ವಾಟ್. ಅಂದರೆ 1,000 ವಾಟಿನ ಹ್ಯಾಲೊಜನ್ ಪಾರ್ ದೀಪ ಮೂರೇ ಮೂರು. ಎಂಟು ದೀಪಕ್ಕೆ ಸುಮಾರು 35 ಆಂಪಿಯರ್ ಬೇಕು. ಭಾಷಣಕ್ಕೆಂದು ವೈರಿಂಗ್ ಮಾಡಿದ ಸಭಾಂಗಣದ ಒಂದೇ ಲೈನಿಗೆ ಇಷ್ಟನ್ನೂ ಹೇರಿದರೆ ನಾಟಕದ ನಡುವೆ ಎಂಸಿಬಿ ಬೀಳುತ್ತದೆ, ಅದು ಬೀಳದಿದ್ದರೆ ವೈರು ಕಾಯುತ್ತದೆ. ಇನ್ನೂರು ವಾಟಿಗಿಂತ ಕಡಿಮೆ ಬೇಡುವ ಎಲ್‌ಇಡಿ ಪಾರ್‌ಗಳು ಬಂದ ಮೇಲೆ ಹೊರೆ ಇಳಿದಿದೆ. ಆದರೆ ಎಚ್ಚರ ಇಳಿಯಬಾರದು. ಒದ್ದೆ ನೆಲ, ತೆರೆದ ಮೈದಾನ, ಕಬ್ಬಿಣದ ಪೈಪಿನ ವೇದಿಕೆ ಕರಾವಳಿಯಲ್ಲಿ ಸಾಮಾನ್ಯ. ಸರಿಯಾದ ಅರ್ತಿಂಗ್ ಮತ್ತು ಸೋರಿಕೆ ಕಂಡೊಡನೆ ವಿದ್ಯುತ್ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇಲ್ಲದ ಕಡೆ ವಿದ್ಯಾರ್ಥಿಯ ಕೈಯಲ್ಲಿ ವೈರು ಕೊಡಬಾರದು. ಇದರ ನಂತರವೇ ದೀಪದ ಕೋನ, ಬಣ್ಣ, ತೀವ್ರತೆಯ ಪಾಠ. ನಟನ ಮುಖಕ್ಕೆ ಎರಡೂ ಬದಿಯಿಂದ ಸುಮಾರು 45 ಡಿಗ್ರಿಯ ಕೋನದಲ್ಲಿ ಬೆಳಕು ಬಿದ್ದಾಗ ಮುಖ ತುಂಬಿಕೊಂಡು ಕಾಣುತ್ತದೆ. ನೆತ್ತಿಯ ಮೇಲಿಂದಲೇ ಬಿದ್ದರೆ ಕಣ್ಣು ಕುಳಿಯಾಗುತ್ತದೆ. ಇದನ್ನು ಒಂದು ದೀಪ, ಒಬ್ಬ ಗೆಳೆಯ, ಒಂದು ಏಣಿ ಇಟ್ಟುಕೊಂಡು ಅರ್ಧ ಗಂಟೆಯಲ್ಲಿ ಕಂಡುಕೊಳ್ಳಬಹುದು.

ಪ್ರಸಾಧನ ಮತ್ತು ಬೆಳಕು ಒಟ್ಟಿಗೆ ಕಲಿಯಬೇಕಾದವು. ಕೆಂಪು ಬೆಳಕಿನಲ್ಲಿ ಕೆಂಪು ಬಣ್ಣ ಮಾಸುತ್ತದೆ, ನೀಲಿ ಬೆಳಕಿನಲ್ಲಿ ಅದೇ ಕೆಂಪು ಕಪ್ಪಾಗಿ ಕಾಣುತ್ತದೆ. ಮೇಕಪ್ಪಿನ ಕೋಣೆಯ ಟ್ಯೂಬ್‌ಲೈಟಿನ ಕೆಳಗೆ ಚೆಂದ ಕಂಡ ಮುಖ ರಂಗದ ಮೇಲೆ ಬೇರೆಯೇ ಆಗುವುದು ಇದರಿಂದ. ಬಣ್ಣ ಹಚ್ಚಿದವರು ಸಭಾಂಗಣದ ಕೊನೆಯ ಸಾಲಿನಲ್ಲಿ ಕೂತು ತಮ್ಮ ಕೆಲಸ ನೋಡುವ ಪದ್ಧತಿ ನಮ್ಮ ತಂಡಗಳಲ್ಲಿ ಬೇರೂರಬೇಕು. ಧ್ವನಿಯ ವಿಷಯದಲ್ಲಿ ಇಲ್ಲಿನ ದೊಡ್ಡ ಕೊರತೆ ಮೈಕನ್ನೇ ನಂಬುವುದು. ಮೈಕಿನ ಕೆಳಗೆ ನಿಂತು ಮಾತಾಡುವ ಚಾಳಿಯಿಂದ ನಟರ ಚಲನೆ ಕಟ್ಟಿಹೋಗುತ್ತದೆ. ಧ್ವನಿ ನಿರ್ವಹಿಸುವ ವಿದ್ಯಾರ್ಥಿ ತಾಲೀಮಿನಿಂದಲೇ ಇದ್ದರೆ ಎಲ್ಲಿ ಮೈಕು ಬೇಕು, ಎಲ್ಲಿ ಬರಿಯ ಕಂಠ ಸಾಕು ಎಂದು ನಿರ್ದೇಶಕರಿಗೆ ಹೇಳಬಲ್ಲ.

ರಂಗ ನಿರ್ವಹಣೆ ಈ ಎಲ್ಲವನ್ನೂ ಕಟ್ಟುವ ದಾರ, ಮತ್ತು ಇಲ್ಲಿನ ಕಾಲೇಜುಗಳಲ್ಲಿ ಅತಿ ಕಡಿಮೆ ಕಲಿಸುವ ವಿದ್ಯೆ. ರಂಗ ನಿರ್ವಾಹಕರ ಪ್ರತಿಯಲ್ಲಿ ನಾಟಕದ ಮಾತಿನ ಪಕ್ಕದಲ್ಲೇ ಪ್ರತಿ ಪ್ರವೇಶ, ನಿರ್ಗಮನ, ಬೆಳಕಿನ ಬದಲಾವಣೆ, ಧ್ವನಿಯ ಸೂಚನೆಗೆ ಕ್ರಮಸಂಖ್ಯೆ ಇರುತ್ತದೆ. ಪ್ರದರ್ಶನ ಆರಂಭವಾದ ಮೇಲೆ ನಿರ್ದೇಶಕರು ಪ್ರೇಕ್ಷಕರ ಸಾಲಿಗೆ ಹೋಗುತ್ತಾರೆ, ನಾಟಕ ನಿರ್ವಾಹಕರ ಕೈಗೆ ಬರುತ್ತದೆ. ನಮ್ಮಲ್ಲಿ ಬಹಳ ಕಡೆ ನಿರ್ದೇಶಕರೇ ವಿಂಗಿನಲ್ಲಿ ನಿಂತು ಕೈಸನ್ನೆ ಮಾಡುತ್ತಾರೆ. ಅಲ್ಲಿಯವರೆಗೆ ತಂಡ ಸ್ವಂತ ಕಾಲಿನ ಮೇಲೆ ನಿಂತಿದೆ ಎನ್ನಲಾಗದು.

ಮೂರು ದಿನದ ಶಿಬಿರ ಮತ್ತು ಇಡೀ ನಾಟಕ

ನೇಪಥ್ಯ ಕಲಿಸಲು ಕಾಲೇಜುಗಳು ಸಾಮಾನ್ಯವಾಗಿ ಹಿಡಿಯುವ ದಾರಿ ಕಾರ್ಯಾಗಾರ. ಎರಡು ಮೂರು ದಿನ ಪ್ರಸಾಧನ, ಮುಖವಾಡ, ಬೆಳಕಿನ ಪರಿಚಯ, ಕೊನೆಗೆ ಪ್ರಮಾಣಪತ್ರ. ಆಸಕ್ತಿ ಹುಟ್ಟಿಸಲು ಇದು ಒಳ್ಳೆಯದೇ. ಆದರೆ ಒತ್ತಡದ ಅನುಭವವಿಲ್ಲದೆ ಈ ವಿದ್ಯೆ ಕೈಗೆ ಹತ್ತುವುದಿಲ್ಲ. ಮಾತು ಮರೆತ ನಟ ಎರಡು ಪುಟ ಹಾರಿದಾಗ ಬೆಳಕು ಯಾವ ಸೂಚನೆಗೆ ಹಾರಬೇಕೆಂಬ ಪ್ರಶ್ನೆ ಶಿಬಿರದಲ್ಲಿ ಬರುವುದೇ ಇಲ್ಲ, ನಾಟಕದಲ್ಲಿ ಬರುತ್ತದೆ.

ಕರ್ನಾಟಕದಲ್ಲಿ ಇದಕ್ಕೆ ಉತ್ತರ ಕಂಡುಕೊಂಡ ಮಾದರಿಗಳಿವೆ. 1949ರಲ್ಲಿ ಹೆಗ್ಗೋಡಿನಲ್ಲಿ ಹುಟ್ಟಿದ ನೀನಾಸಂ 1980ರಲ್ಲಿ ರಂಗಶಿಕ್ಷಣ ಕೇಂದ್ರ ಆರಂಭಿಸಿದಾಗಿನಿಂದ ನಟನೆಯ ಜೊತೆ ರಂಗಸಜ್ಜಿಕೆ, ಬೆಳಕು, ಪ್ರಸಾಧನಗಳನ್ನು ಕಲಿಸುತ್ತಾ, ವಿದ್ಯಾರ್ಥಿಗಳಿಂದಲೇ ನಾಟಕಗಳನ್ನು ಕಟ್ಟಿಸುತ್ತಾ ಬಂದಿದೆ. 1985ರಲ್ಲಿ ಶುರುವಾದ ತಿರುಗಾಟದಲ್ಲಿ ನಟರೇ ವಾಹನದಿಂದ ಸಾಮಾನಿಳಿಸಿ ಸಜ್ಜಿಕೆ ನಿಲ್ಲಿಸುತ್ತಾರೆ, ಸಂಜೆ ಬಣ್ಣ ಹಚ್ಚುತ್ತಾರೆ. ಪದವಿ ತರಗತಿಯ ವಿದ್ಯಾರ್ಥಿಗೆ ಅಷ್ಟು ಸಮಯವಿಲ್ಲ. ಆದರೂ ಒಂದು ನಾಟಕದ ಮೊದಲ ಓದಿನಿಂದ ಕೊನೆಯ ಪ್ರದರ್ಶನದವರೆಗೆ ಒಂದೇ ಹೊಣೆಯನ್ನು ಹೊತ್ತು ನಡೆಯಲು ಒಂದು ಸೆಮಿಸ್ಟರ್ ಸಾಕು. ಅಳವಡಿಸಿಕೊಳ್ಳಬೇಕಾದದ್ದು ಈ ಪೂರ್ಣತೆಯನ್ನು.

ಅಂತರ ವಿಶ್ವವಿದ್ಯಾಲಯ ಯುವಜನೋತ್ಸವದ ಏಕಾಂಕ ಸ್ಪರ್ಧೆಯ ನಿಯಮವೂ ಇದನ್ನೇ ಬೇಡುತ್ತದೆ. ನಾಟಕಕ್ಕೆ 30 ನಿಮಿಷ. ಹೆಚ್ಚೆಂದರೆ 9 ಮಂದಿ ನಟರು, ಅವರ ಜೊತೆ 3 ಮಂದಿ ಸಹಾಯಕರು. ತಂಡಕ್ಕೆ ಸಿಗುವುದು ಖಾಲಿ ರಂಗ. ಅದನ್ನು ಸಜ್ಜುಗೊಳಿಸಿ ತೆರವು ಮಾಡಲು ಸುಮಾರು 10 ನಿಮಿಷ. ಈ ಹತ್ತು ನಿಮಿಷದ ಕೆಲಸಕ್ಕೂ ತಾಲೀಮು ಬೇಕು. ಯಾವ ವಸ್ತು ಮೊದಲು ಒಳಗೆ ಹೋಗಬೇಕು, ಯಾರ ಎಡಗೈಯಲ್ಲಿ ಏನು, ಯಾವುದು ಕೊನೆಗೆ ಹೊರಬರಬೇಕು ಎಂಬುದನ್ನು ಗಡಿಯಾರ ಹಿಡಿದು ಮತ್ತೆ ಮತ್ತೆ ಮಾಡಿದ ತಂಡ ನಿರಾಳವಾಗಿ ನಾಟಕ ಆರಂಭಿಸುತ್ತದೆ. ಮಾಡದ ತಂಡ ಏದುಸಿರಿನಲ್ಲಿ ಮೊದಲ ಮಾತು ಆಡುತ್ತದೆ. ನಟನೆಯಲ್ಲಿ ಸಮಬಲದ ಎರಡು ತಂಡಗಳ ನಡುವಿನ ವ್ಯತ್ಯಾಸ ಬಹಳ ಸಲ ಇಲ್ಲೇ ನಿರ್ಧಾರವಾಗುತ್ತದೆ.

ಮನ್ನಣೆಯ ಪ್ರಶ್ನೆ

ನೇಪಥ್ಯಕ್ಕೆ ವಿದ್ಯಾರ್ಥಿಗಳು ಹಿಂಜರಿಯಲು ಮುಖ್ಯ ಕಾರಣ ಮನ್ನಣೆಯ ಕೊರತೆ. ಪಾತ್ರ ಸಿಗದವರನ್ನು ಹಿಂದಿನ ಕೆಲಸಕ್ಕೆ ಹಾಕುವ ರೂಢಿಯಿಂದ ಅದು ಸೋತವರ ಸ್ಥಾನವೆಂಬ ಭಾವನೆ ಬೆಳೆದಿದೆ. ಉಡುಪಿಯ ರಂಗಭೂಮಿ ಸಂಸ್ಥೆಯ ನಾಟಕ ಸ್ಪರ್ಧೆಯಲ್ಲಿ ಬೆಳಕು, ರಂಗಸಜ್ಜಿಕೆ, ಪ್ರಸಾಧನಗಳಿಗೂ ಪ್ರತ್ಯೇಕ ಬಹುಮಾನವಿರುವುದು ಹವ್ಯಾಸಿ ತಂಡಗಳ ಮೇಲೆ ಒಳ್ಳೆಯ ಪರಿಣಾಮ ಬೀರಿದೆ. ಕಾಲೇಜು ಸ್ಪರ್ಧೆಗಳೂ ಈ ದಾರಿ ಹಿಡಿಯಬೇಕು. ಉಜಿರೆ, ಮೂಡುಬಿದಿರೆಯ ಸ್ವಾಯತ್ತ ಕಾಲೇಜುಗಳಿಗೆ ಪಠ್ಯಕ್ರಮ ರೂಪಿಸುವ ಅವಕಾಶವಿದೆ. ಒಂದು ನಾಟಕದ ನೇಪಥ್ಯವನ್ನು ಪೂರ್ತಿ ನಿರ್ವಹಿಸಿದವರಿಗೆ ಕ್ರೆಡಿಟ್ ಕೊಡುವ ಪ್ರಮಾಣಪತ್ರ ಕೋರ್ಸನ್ನು ಅವು ಆರಂಭಿಸಿದರೆ ಉಳಿದ ಕಾಲೇಜುಗಳಿಗೂ ದಾರಿ ತೆರೆದೀತು. ಮೌಲ್ಯಮಾಪನಕ್ಕೆ ಲಿಖಿತ ಪರೀಕ್ಷೆ ಬೇಡ. ನಿರ್ವಾಹಕರ ಪ್ರತಿ, ಬೆಳಕಿನ ನಕ್ಷೆ, ಪರಿಕರಗಳ ಪಟ್ಟಿ, ಪ್ರದರ್ಶನದ ದಿನದ ಕೆಲಸ ಇಷ್ಟೇ ಸಾಕು.

ಇನ್ನೊಂದು ಲೋಪವನ್ನು ನೇರವಾಗಿ ಹೇಳಬೇಕು. ಹುಡುಗಿಯರಿಗೆ ಮೇಕಪ್ಪು, ಬಟ್ಟೆ; ಹುಡುಗರಿಗೆ ಏಣಿ, ವೈರು, ಸುತ್ತಿಗೆ ಎಂಬ ಹಂಚಿಕೆ ಕಾಲೇಜುಗಳಲ್ಲಿ ಯಾರೂ ಪ್ರಶ್ನಿಸದೆ ನಡೆದುಬಂದಿದೆ. ತರಗತಿಗಳಲ್ಲಿ ಹುಡುಗಿಯರೇ ಹೆಚ್ಚಿರುವ ಈ ಕಾಲದಲ್ಲಿ ಇದು ಅನ್ಯಾಯ, ತಂಡಕ್ಕೆ ನಷ್ಟವೂ ಹೌದು. ಬೆಳಕಿನ ಲೆಕ್ಕವಾಗಲಿ ರಂಗ ನಿರ್ವಹಣೆಯಾಗಲಿ ಬೇಡುವುದು ಗಮನ ಮತ್ತು ತಾಳ್ಮೆ. ತಾಲೀಮನ್ನು ಕೊನೆಯ ಬಸ್ಸಿಗೆ ಮೊದಲೇ ಮುಗಿಯುವಂತೆ ಹೊಂದಿಸುವುದು, ಮನೆಗೆ ತಲುಪಿಸುವ ಹೊಣೆ ಹೊರುವುದು ಕಾಲೇಜಿನ ಕರ್ತವ್ಯ.

ನೇಪಥ್ಯ ಕಲಿತವರಿಗೆ ನಾಟಕದ ಹೊರಗೂ ದಾರಿಗಳಿವೆ. ಉತ್ಸವಗಳ ವೇದಿಕೆ ನಿರ್ವಹಣೆ, ಮದುವೆ ಮತ್ತು ಸಭಾ ಕಾರ್ಯಕ್ರಮಗಳ ಬೆಳಕು ಧ್ವನಿ, ತುಳು ಸಿನಿಮಾ, ದೂರದರ್ಶನದ ಸ್ಟುಡಿಯೊ, ಶಾಲೆಗಳ ರಂಗಶಿಕ್ಷಣ ಎಲ್ಲೆಡೆ ಈ ಕೈಗಳು ಬೇಕು. ಶಿಕ್ಷಕಿಯಾಗಿ ಹೋದವಳಿಗೂ ತನ್ನ ಶಾಲೆಯ ವಾರ್ಷಿಕೋತ್ಸವವನ್ನು ಕಡಿಮೆ ಖರ್ಚಿನಲ್ಲಿ, ಅಪಾಯವಿಲ್ಲದೆ ನಡೆಸುವ ಬಲ ಬರುತ್ತದೆ.

ಒಟ್ಟಾರೆ ನೋಡಿದರೆ ಮೂಡುಬಿದಿರೆ ನಿರಂತರತೆಯಿಂದ ಮುಂದಿದೆ, ಬೆಳ್ತಂಗಡಿಯ ಬಳಿ ಅತಿ ದೊಡ್ಡ ಪಾರಂಪರಿಕ ಬಂಡವಾಳವಿದೆ, ಬಂಟ್ವಾಳದಲ್ಲಿ ಕೈಕೆಲಸದ ಗುರುಗಳಿದ್ದಾರೆ. ಮೂರನ್ನೂ ಕೂಡಿಸುವ ತರಬೇತಿ ಇನ್ನೂ ರೂಪುಗೊಳ್ಳಬೇಕಾಗಿದೆ. ಅದಕ್ಕೆ ದೊಡ್ಡ ರಂಗಮಂದಿರಕ್ಕಾಗಿ ಕಾಯಬೇಕಾಗಿಲ್ಲ. ತಾಲೀಮಿನ ಮೊದಲ ದಿನವೇ ನೇಪಥ್ಯದ ಪ್ರತಿ ಹೊಣೆಗೆ ಒಬ್ಬ ಹಿರಿಯ, ಒಬ್ಬ ಕಿರಿಯ ವಿದ್ಯಾರ್ಥಿಯ ಹೆಸರು ಬರೆಯಲಿ. ವರ್ಷಕ್ಕೊಮ್ಮೆ ಅವರನ್ನು ಒಂದು ವಾರ ಚೌಕಿಗೆ ಕಳುಹಿಸಲಿ. ಎಂಟು ಹತ್ತು ದೀಪ, ಒಂದು ಡಿಮ್ಮರ್, ಒಂದಿಷ್ಟು ಪರದೆಗಳನ್ನು ಅಕ್ಕಪಕ್ಕದ ಕಾಲೇಜುಗಳು ಸೇರಿ ಕೊಂಡು, ಸರದಿಯಲ್ಲಿ ಬಳಸಲಿ. ಬಾಡಿಗೆಗೆ ಬರುವ ಲೈಟಿನವರನ್ನು, ಮೇಕಪ್ಪಿನವರನ್ನು ಒಂದು ದಿನ ಮೊದಲೇ ಗೌರವಧನ ಕೊಟ್ಟು ಗುರುಗಳಾಗಿ ಕರೆಯಲಿ. ಆಮಂತ್ರಣ ಪತ್ರಿಕೆಯಲ್ಲಿ ನಟರ ಹೆಸರಿನಷ್ಟೇ ದೊಡ್ಡ ಅಕ್ಷರದಲ್ಲಿ ನೇಪಥ್ಯದವರ ಹೆಸರನ್ನೂ ಮುದ್ರಿಸಲಿ. ಬರುವ ಶೈಕ್ಷಣಿಕ ವರ್ಷದ ಮೊದಲ ನಾಟಕದಿಂದಲೇ ಪ್ರಾಂಶುಪಾಲರು ಮತ್ತು ಸಾಂಸ್ಕೃತಿಕ ಸಂಘದ ಉಪನ್ಯಾಸಕರು ಇದನ್ನು ಆರಂಭಿಸಬೇಕು.